ಕನ್ನವಿಲಿನ ಕುಲಗೋತ್ರ

ಹಕ್ಕಿಗಳ ವಿಷಯದಲ್ಲಿ ನಾನು ತಜ್ಞನಲ್ಲ. ಜಮಖಂಡಿ, ಮುಧೋಳ, ಬನಹಟ್ಟಿ ಕಡೆಯ ಹುಡುಗರಿಗೆ ಹಳಗನ್ನಡ ವ್ಯಾಕರಣವನ್ನೂ ರನ್ನನ ‘ಗದಾಯುದ್ಧ’ವನ್ನೂ ಪಾಠ ಹೇಳುತ್ತ ಬಂದವನು. ಆದರೆ ಶಬ್ದದ ಬೆನ್ನು ಹತ್ತಿದವನು ಎಲ್ಲಿಗೆ ಹೋಗಿ ಮುಟ್ಟುತ್ತಾನೆಂಬುದನ್ನು ಹೇಳಲು ಬರುವುದಿಲ್ಲ. ಹೀಗೆ ಒಂದು ಶಬ್ದದ ಬೆನ್ನು ಹತ್ತಿ ಹೋಗಿ ನಾನು ಒಂದು ಹಕ್ಕಿಯ ಹತ್ತಿರ ನಿಂತೆ.

ಆ ಶಬ್ದ ದೊರೆತದ್ದು ಟಿ. ಸಿ. ಜರ್ಡನ್ ಎಂಬವನ ಪುಸ್ತಕದಲ್ಲಿ. ಈತನು ಕಂಪನಿ ಸರಕಾರದ ಮದರಾಸು ಸೈನ್ಯದಲ್ಲಿ ವೈದ್ಯನಾಗಿದ್ದವನು. ವೈದ್ಯಕ್ಕಿಂತ ಹೆಚ್ಚಾಗಿ ಹಕ್ಕಿಗಳನ್ನು ಬಲ್ಲವನು. ೧೮೬೨ರಿಂದ ೧೮೬೪ರ ವರೆಗೆ ಮೂರು ಸಂಪುಟಗಳಲ್ಲಿ ಹೊರಬಂದ ಅವನ ‘ಭಾರತದ ಹಕ್ಕಿಗಳು’ ಈ ದೇಶದ ಪಕ್ಷಿಶಾಸ್ತ್ರಕ್ಕೆ ಬುನಾದಿ ಹಾಕಿತು. ಅದರ ಒಂದು ಒಳ್ಳೆಯ ಗುಣವೆಂದರೆ, ಪ್ರತಿಯೊಂದು ಹಕ್ಕಿಯ ಲ್ಯಾಟಿನ್ ಹೆಸರಿನ ಕೆಳಗೆ ದೇಶಭಾಷೆಗಳ ಹೆಸರುಗಳನ್ನೂ ಕೊಟ್ಟಿರುವುದು. ಕೊನೆಯ ಸಂಪುಟದಲ್ಲಿ, ಇಂಗ್ಲಿಷರು ‘ಫ್ಲಾರಿಕನ್’ ಎಂದು ಕರೆಯುತ್ತಿದ್ದ ಸಣ್ಣ ಹೆಬ್ಬಕದ ಕೆಳಗೆ, ಕನ್ನಡದ ಹೆಸರೆಂದು ‘ಕನ್ನೌಲ್’ ಎಂದಿದೆ. ಮರಾಠಿಗೆ ‘ತಣಮೋರ’, ತೆಲುಗಿಗೆ ‘ನೇಲ ನೆಮಲಿ’, ತಮಿಳಿಗೆ ‘ವರಗು ಕೋಳಿ’ ಎಂದಿದೆ. ಮಿಕ್ಕ ಮೂರೂ ಅರ್ಥವಾದವು. ತಣಮೋರ ಎಂದರೆ ಹುಲ್ಲಿನ ನವಿಲು, ನೇಲ ನೆಮಲಿ ಎಂದರೆ ನೆಲದ ನವಿಲು, ವರಗು ಕೋಳಿ ಎಂದರೆ ಹಾರಕದ ಹೊಲದ ಕೋಳಿ. ನನ್ನ ಸ್ವಂತ ಭಾಷೆಯ ಶಬ್ದವೊಂದೇ ಅರ್ಥವಾಗಲಿಲ್ಲ! ಅದನ್ನು ಅಂದು ಸುಮ್ಮನೆ ಬಿಟ್ಟುಬಿಟ್ಟಿದ್ದರೆ ಈ ಲೇಖನವೂ ಇರುತ್ತಿರಲಿಲ್ಲ.

ಮೊದಲು ಹಕ್ಕಿಯ ಪರಿಚಯವಾಗಲಿ. ಹೆಬ್ಬಕಗಳದೊಂದು ದೊಡ್ಡ ಕುಟುಂಬ. ಆಫ್ರಿಕ, ಯುರೋಪು, ಏಷ್ಯ, ಆಸ್ಟ್ರೇಲಿಯಗಳ ಬಯಲುಗಳಲ್ಲಿ ಹರಡಿದೆ. ಮರವೇರದ, ನೆಲದ ಮೇಲೆಯೇ ನಡೆದು ಬಾಳುವ ಹಕ್ಕಿಗಳಿವು. ಇವುಗಳಲ್ಲೆಲ್ಲ ಬಹಳ ಸಣ್ಣವುಗಳಲ್ಲೊಂದು ನಮ್ಮ ಈ ಫ್ಲಾರಿಕನ್. ಗಾತ್ರದಲ್ಲಿ ಊರ ಕೋಳಿಯಷ್ಟು, ಕಾಲು ಮಾತ್ರ ಉದ್ದ. ಬೇಸಗೆಯಲ್ಲಿ, ಚಳಿಗಾಲದಲ್ಲಿ ಗಂಡು ಹೆಣ್ಣು ಎರಡೂ ಒಣಹುಲ್ಲಿನ ಬಣ್ಣದವು. ಮಳೆಗಾಲ ಬಂತೆಂದರೆ ಗಂಡು ಹಕ್ಕಿ ವೇಷ ಬದಲಿಸುತ್ತದೆ. ತಲೆ, ಕೊರಳು, ಎದೆ, ಹೊಟ್ಟೆ ಎಲ್ಲ ಕಪ್ಪಾಗಿ, ಕತ್ತಿನ ಬುಡದಲ್ಲಿ ಬಿಳಿಯ ಪಟ್ಟಿ ಮೂಡಿ, ಕಿವಿಯ ಹಿಂದಿನಿಂದ ತುದಿ ಅಗಲವಾದ ರಿಬ್ಬನ್ನಿನಂಥ ಗರಿಗಳು ಹೊರಡುತ್ತವೆ. ಆ ಮೇಲೆ ಅದು ಎತ್ತರದ ಹುಲ್ಲಿನ ನಡುವೆ ನಿಂತು, ರೆಕ್ಕೆ ಬಡಿದು, ಆಳುದ್ದ ಮೇಲಕ್ಕೆ ನೆಗೆಯುತ್ತದೆ; ಕೆಳಗೆ ಬಿದ್ದು ಮತ್ತೆ ನೆಗೆಯುತ್ತದೆ. ದಿನಕ್ಕೆ ನೂರಾರು ಸಲ. ಹುಲ್ಲಿನಲ್ಲಿ ಮರೆಯಾಗಿರುವ ಹೆಣ್ಣಿಗೆ ತಾನಿರುವ ಜಾಗ ತೋರಿಸುವ ಉಪಾಯ ಅದು. ಹೆಣ್ಣಿಗೆ ಮಾತ್ರವಲ್ಲ, ಬಂದೂಕು ಹಿಡಿದವನಿಗೂ ತೋರುತ್ತಿತ್ತೆಂಬುದು ಬೇರೆ ಮಾತು.

ಈ ವೇಷ ಬದಲಾವಣೆಯೇ ಪಂಡಿತರನ್ನು ಮೋಸಗೊಳಿಸಿತು. ಆ ಕಥೆ ಸ್ವಾರಸ್ಯವಾಗಿದೆ.

ಸ್ವೀಡನ್ ದೇಶದ ಲಿನೇಯಸನು ೧೭೫೮ರಲ್ಲಿ ಪ್ರಾಣಿಗಳಿಗೆಲ್ಲ ಎರಡೆರಡು ಪದಗಳ ಹೆಸರಿಡುವ ಪದ್ಧತಿಯನ್ನು ನಿಲ್ಲಿಸಿದನಷ್ಟೆ. ಮೊದಲನೆಯ ಪದ ಕುಲದ್ದು, ಎರಡನೆಯದು ಆ ಕುಲದೊಳಗಿನ ಪ್ರಭೇದದ್ದು. (ಕನ್ನಡದ ಪಠ್ಯಪುಸ್ತಕಗಳು ಒಂದರಲ್ಲಿ ‘ಕುಲ’ ಎಂದದ್ದನ್ನು ಇನ್ನೊಂದರಲ್ಲಿ ‘ಜಾತಿ’ ಎನ್ನುತ್ತವೆ. ಜಾತಿ ಎಂಬ ಶಬ್ದಕ್ಕೆ ನಮ್ಮಲ್ಲಿ ಈಗಾಗಲೇ ಸಾಕಷ್ಟು ಕೆಲಸವಿರುವುದರಿಂದ ನಾನು ಕುಲವೆಂದೇ ಬರೆಯುತ್ತೇನೆ.) ಹೆಬ್ಬಕಗಳಿಗೆಲ್ಲ ಅವನು ಇಟ್ಟ ಕುಲನಾಮ ‘ಓಟಿಸ್’, ಕಿವಿ ಎಂಬ ಗ್ರೀಕ್ ಶಬ್ದದಿಂದ ಬಂದದ್ದು. ಆಗ ಗೊತ್ತಿದ್ದ ಹೆಬ್ಬಕಗಳೇ ನಾಲ್ಕಾರು, ಆದ್ದರಿಂದ ಒಂದೇ ಮನೆಯಲ್ಲಿ ಎಲ್ಲವಕ್ಕೂ ಜಾಗವಿತ್ತು. ನಮ್ಮ ಹಕ್ಕಿಯ ಚಿತ್ರ ಬರೆದು ೧೭೮೨ರಲ್ಲಿ ಅದಕ್ಕೆ ‘ಓಟಿಸ್ ಇಂಡಿಕಾ’ ಎಂದು ಹೆಸರಿಟ್ಟವನು ಜೆ. ಎಫ್. ಮಿಲ್ಲರ್. ಎಂಟು ವರ್ಷದ ಮೇಲೆ, ೧೭೯೦ರಲ್ಲಿ, ಲೇಥಮ್ ಎಂಬವನು ಅದನ್ನೇ ‘ಓಟಿಸ್ ಆರಿಟಾ’ ಎಂದನು. ಆರಿಟಾ ಎಂದರೆ ಕಿವಿಯುಳ್ಳದ್ದು. ಹಾಗಾದರೆ ಇಡಿಯ ಹೆಸರಿನ ಅರ್ಥ ‘ಕಿವಿಯುಳ್ಳ ಕಿವಿಹಕ್ಕಿ’ ಎಂದಾಯಿತು. ನಮ್ಮಲ್ಲಿ ಗೇಟುಬಾಗಿಲು ಎನ್ನುವುದಿಲ್ಲವೆ, ಹಾಗೆ.

ಇವರಿಬ್ಬರ ಕೈಗೂ ಸಿಕ್ಕಿದ್ದು ಮಳೆಗಾಲದ ಕರಿಯ ಗಂಡು. ಇನ್ನು ದಖ್ಖಣಕ್ಕೆ ಬರೋಣ. ಡಬ್ಲ್ಯು. ಎಚ್. ಸೈಕ್ಸ್ ಎಂಬ ಸೈನ್ಯಾಧಿಕಾರಿಯನ್ನು ೧೮೨೪ರಲ್ಲಿ ಮುಂಬಯಿ ಸರಕಾರ ಅಂಕಿಅಂಶಗಳ ವರದಿಗಾರನಾಗಿ ನೇಮಿಸಿತು. ಪುಣೆ, ಅಹಮದನಗರ, ಖಾನದೇಶ, ಧಾರವಾಡ ಈ ನಾಲ್ಕು ಕಲೆಕ್ಟರೇಟುಗಳ ಬೆಳೆ, ಮಳೆ, ಜನ, ಜಾನುವಾರು ಎಲ್ಲದರ ಲೆಕ್ಕ ಬರೆಯುವುದು ಅವನ ಕೆಲಸ. ಲೆಕ್ಕ ಬರೆಯುತ್ತ ಬರೆಯುತ್ತ ಅವನು ಪ್ರಾಣಿಪಕ್ಷಿಗಳನ್ನೂ ಕೂಡಿಹಾಕಿದನು. ಬಯಲುಸೀಮೆಯ ತೋಳಕ್ಕೆ ‘ಪ್ಯಾಲಿಪೀಸ್’ ಎಂಬ ಹೆಸರನ್ನು ೧೮೩೧ರಲ್ಲಿ ಕೊಟ್ಟವನು ಅವನೇ. ಮರುವರ್ಷ, ೧೮೩೨ರಲ್ಲಿ, ಅವನ ದಖ್ಖಣದ ಹಕ್ಕಿಗಳ ಪಟ್ಟಿ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ನಡಾವಳಿಯಲ್ಲಿ ಅಚ್ಚಾಯಿತು. ಅದರಲ್ಲಿ ‘ಓಟಿಸ್ ಫುಲ್ವಾ’ ಎಂಬ ಹೊಸ ಹಕ್ಕಿಯೊಂದು ಕಾಣಿಸಿಕೊಂಡಿತು. ಫುಲ್ವಾ ಎಂದರೆ ಕಂದುಹಳದಿ ಬಣ್ಣದ್ದು. ಹೊಸ ಹಕ್ಕಿಯೇನೂ ಅಲ್ಲ; ವೇಷ ಕಳಚಿದ ಅದೇ ಫ್ಲಾರಿಕನ್. ಒಂದು ಹಕ್ಕಿ ಶಾಸ್ತ್ರದಲ್ಲಿ ಎರಡಾಯಿತು.

ಸೈಕ್ಸನನ್ನು ನಾವು ನಗಬೇಕಾಗಿಲ್ಲ. ತೊಗಲು ಸುಲಿದು, ಹತ್ತಿ ತುಂಬಿ, ಪೆಟ್ಟಿಗೆಯಲ್ಲಿಟ್ಟು ಹಡಗಿಗೆ ಹಾಕಿದ ಹಕ್ಕಿಗೆ ಋತುಮಾನವಿರುವುದಿಲ್ಲ. ಆಷಾಢದಲ್ಲಿ ಹೊಡೆದ ತೊಗಲೂ ಪುಷ್ಯದಲ್ಲಿ ಹೊಡೆದ ತೊಗಲೂ ಮೇಜಿನ ಮೇಲೆ ಅಕ್ಕಪಕ್ಕ ಮಲಗಿದಾಗ ಅವು ಎರಡು ಹಕ್ಕಿಗಳೇ. ಕೊಂದವನ ಹೆಸರನ್ನು ಚೀಟಿಯಲ್ಲಿ ಬರೆದಷ್ಟು ಶ್ರದ್ಧೆಯಿಂದ ಕೊಂದ ತಿಂಗಳನ್ನು ಬರೆಯುವ ರೂಢಿ ಆಗಿನ್ನೂ ಬಂದಿರಲಿಲ್ಲ. ಗಂಡು ಹಕ್ಕಿ ಬೆದೆಗಾಲ ಮುಗಿದ ಮೇಲೆ ಕಪ್ಪನ್ನು ಕಳಚಿ ಹೆಣ್ಣಿನ ಬಣ್ಣಕ್ಕೆ ತಿರುಗುತ್ತದೆಂಬುದು ಇತ್ಯರ್ಥವಾಗಿ, ಫುಲ್ವಾ ಎಂಬ ಹೆಸರು ಕಡತ ಸೇರಿತು.

ಕುಲದ ಪ್ರಶ್ನೆ ಎದ್ದುದು ೧೮೩೯ರಲ್ಲಿ. ರೆನೆ ಲೆಸ್ಸನ್ ಎಂಬ ಫ್ರೆಂಚನು ನೌಕಾಸೈನ್ಯದ ವೈದ್ಯ. ‘ಕೊಕೀ’ ಎಂಬ ಹಡಗಿನಲ್ಲಿ ೧೮೨೨ರಿಂದ ೧೮೨೫ರ ತನಕ ಭೂಮಿಯನ್ನು ಸುತ್ತಿ ಬಂದವನು. ನ್ಯೂಗಿನಿಯ ಕಾಡಿನಲ್ಲಿ ಸ್ವರ್ಗಪಕ್ಷಿಗಳನ್ನು ಜೀವಂತವಾಗಿ ಕಂಡ ಮೊದಲ ಪಂಡಿತನೆಂದು ಅವನ ಖ್ಯಾತಿ. ಲಿನೇಯಸನ ಕಾಲದಿಂದ ಎಂಬತ್ತು ವರ್ಷಗಳಲ್ಲಿ ಓಟಿಸ್ ಕುಲದೊಳಗೆ ನಾನಾ ದೇಶದ ಹಕ್ಕಿಗಳು ತುಂಬಿ ಮನೆ ಇಕ್ಕಟ್ಟಾಗಿತ್ತು. ಪ್ಯಾರಿಸ್ಸಿನ ಪ್ರಾಣಿಶಾಸ್ತ್ರ ಪತ್ರಿಕೆಯೊಂದರಲ್ಲಿ ಲೆಸ್ಸನ್ನನು ಅದನ್ನು ಒಡೆದು ಹಿಸ್ಸೆ ಮಾಡಿದನು. ನಮ್ಮ ಫ್ಲಾರಿಕನ್ನಿಗಾಗಿ ‘ಸಿಫಿಯೋಟೈಡಿಸ್’ ಎಂಬ ಹೊಸ ಕುಲ ಹುಟ್ಟಿತು. ಆಫ್ರಿಕದ ಕೆಲವು ಹಕ್ಕಿಗಳಿಗೆ ‘ಯೂಪೊಡೋಟಿಸ್’, ಎಂದರೆ ಒಳ್ಳೆಯ ಕಾಲಿನ ಹೆಬ್ಬಕ, ಎಂಬ ಇನ್ನೊಂದು ಕುಲವಾಯಿತು. ಈ ಎರಡನೆಯ ಹೆಸರನ್ನು ಓದುಗರು ನೆನಪಿಡಬೇಕು, ಮುಂದೆ ಬರುತ್ತದೆ.

ಸಿಫಿಯೋಟೈಡಿಸ್ ಕುಲದಲ್ಲಿ ಬಹುಕಾಲ ಇಬ್ಬರು ಒಕ್ಕಲಿದ್ದರು. ಒಂದು ನಮ್ಮ ಸಣ್ಣ ಫ್ಲಾರಿಕನ್, ಇನ್ನೊಂದು ಬಂಗಾಲ, ಅಸ್ಸಾಮ್ ಮತ್ತು ಹಿಮಾಲಯದ ತಪ್ಪಲಿನ ಹುಲ್ಲುಗಾವಲುಗಳ ದೊಡ್ಡ ಫ್ಲಾರಿಕನ್. ಜರ್ಡನ್ನನೂ ಎರಡನ್ನೂ ಒಂದೇ ಮನೆಯಲ್ಲಿಟ್ಟನು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಬೌಡ್ಲರ್ ಶಾರ್ಪನು ೧೮೯೩ರಲ್ಲಿ ದೊಡ್ಡದನ್ನು ಎಬ್ಬಿಸಿ ‘ಹೂಬಾರೋಪ್ಸಿಸ್’ ಎಂಬ ಬೇರೆ ಕುಲಕ್ಕೆ ಕಳಿಸಿದನು. ಅಂದಿನಿಂದ ಇಂದಿನ ವರೆಗೆ ನಮ್ಮ ಹಕ್ಕಿ ತನ್ನ ಕುಲಕ್ಕೆ ತಾನೊಂದೇ. ಈಚೆಗೆ ರಕ್ತದ ಮೂಲದ್ರವ್ಯವನ್ನೇ ತೆಗೆದು ಪರೀಕ್ಷಿಸುವ ಕಾಲ ಬಂದ ಮೇಲೂ ಪಟ್ಟಿಗಳಲ್ಲಿ ಈ ಎರಡು ಕುಲಗಳು ಬೇರೆಬೇರೆಯಾಗಿಯೇ ಉಳಿದಿವೆ. ಒಂಟಿ ಪ್ರಭೇದದ ಕುಲವೆಂದರೆ ಒಬ್ಬನೇ ಮಗನಿರುವ ಮನೆ. ಆ ಮಗನು ಹೋದರೆ ಮನೆತನದ ಹೆಸರೇ ಹೋಗುತ್ತದೆ.

ವ್ಯಾಕರಣದ ಮೇಷ್ಟರಾದ ನನಗೆ ತಮಾಷೆಯೆನಿಸಿದ ಇನ್ನೊಂದು ಸಂಗತಿ ಹೇಳಿ ಮುಂದೆ ಹೋಗುತ್ತೇನೆ. ಮೊದಲು ಇಟ್ಟ ಹೆಸರಿಗೇ ಮಾನ್ಯತೆ ಎಂಬ ನಿಯಮದಂತೆ ಲೇಥಮನ ‘ಆರಿಟಾ’ ಬಿದ್ದುಹೋಗಿ ಮಿಲ್ಲರನ ‘ಇಂಡಿಕಾ’ ನಿಂತಿತು. ಆದರೆ ಓಟಿಸ್ ಎಂಬುದು ಸ್ತ್ರೀಲಿಂಗ, ಸಿಫಿಯೋಟೈಡಿಸ್ ಎಂಬುದು ಪುಲ್ಲಿಂಗ. ಪ್ರಾಣಿನಾಮಗಳ ಅಂತಾರಾಷ್ಟ್ರೀಯ ಸಂಹಿತೆಯಲ್ಲಿ ಇಂಥಿಂಥ ಪ್ರತ್ಯಯದಿಂದ ಮುಗಿಯುವ ಕುಲನಾಮ ಪುಲ್ಲಿಂಗವೆಂದು ಸೂತ್ರವಿದೆ. ವಿಶೇಷ್ಯದ ಲಿಂಗವನ್ನು ವಿಶೇಷಣ ಹಿಂಬಾಲಿಸಬೇಕಲ್ಲ? ಈಚಿನ ವರ್ಷಗಳಲ್ಲಿ ಅದನ್ನು ಕಂಡುಕೊಂಡು, ಪಟ್ಟಿಗಳಲ್ಲಿ ‘ಇಂಡಿಕಾ’ ಎಂಬುದನ್ನು ‘ಇಂಡಿಕಸ್’ ಎಂದು ತಿದ್ದಿದರು. ಹಕ್ಕಿಗಳನ್ನು ಎಣಿಸುವವರೂ ಕೇಶಿರಾಜನ ಮನೆಯವರೇ ಎಂದು ನನಗೆ ಸಮಾಧಾನವಾಯಿತು.

ಇದೆಲ್ಲ ಪ್ಯಾರಿಸ್ಸು ಲಂಡನ್ನುಗಳ ಮಾತಾಯಿತು. ಲೆಸ್ಸನ್ನನು ಕುಲವನ್ನು ಕಟ್ಟಿದ ಅದೇ ೧೮೩೯ರಲ್ಲಿ, ಮದರಾಸಿನ ಸಾಹಿತ್ಯ ವಿಜ್ಞಾನ ಪತ್ರಿಕೆಯಲ್ಲಿ ಎರಡು ಪಟ್ಟಿಗಳು ಅಚ್ಚಾಗತೊಡಗಿದವು. ಒಂದು, ಜರ್ಡನ್ನನ ದಕ್ಷಿಣ ಹಿಂದುಸ್ಥಾನದ ಹಕ್ಕಿಗಳ ಪಟ್ಟಿ. ಇನ್ನೊಂದು, ವಾಲ್ಟರ್ ಎಲಿಯಟ್ಟನು ಬರೆದ ದಕ್ಷಿಣ ಮರಾಠಾ ಪ್ರಾಂತದ ಸಸ್ತನಿಗಳ ಪಟ್ಟಿ. ಎಲಿಯಟ್ಟನೆಂದರೆ ಕನ್ನಡಿಗರಿಗೆ ಗೊತ್ತಿರಬೇಕಾದ ಹೆಸರು. ೧೮೨೪ರ ಅಕ್ಟೋಬರದಲ್ಲಿ ಕಿತ್ತೂರಿನಲ್ಲಿ ಥ್ಯಾಕರೆ ಸತ್ತಾಗ, ರಾಣಿ ಚೆನ್ನಮ್ಮನ ಕೈಗೆ ಸೆರೆಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ಒಬ್ಬನು ಇವನು, ಇನ್ನೊಬ್ಬನು ಸ್ಟೀವನ್ಸನ್. ಕೆಲವು ವಾರಗಳ ಮೇಲೆ ಬಿಡುಗಡೆಯಾಯಿತು. ಸೆರೆಯಲ್ಲಿಟ್ಟ ನಾಡಿನ ಮೇಲೆ ಆತನಿಗೆ ಸಿಟ್ಟು ಹುಟ್ಟಬೇಕಿತ್ತು, ಹುಟ್ಟಿದ್ದು ಪ್ರೀತಿ. ೧೮೩೩ರ ವರೆಗೂ ಈ ಸೀಮೆಯಲ್ಲೇ ಇದ್ದು ಊರೂರು ತಿರುಗಿ ಶಾಸನಗಳನ್ನು ನಕಲು ಮಾಡಿಸಿದನು. ಚಾಲುಕ್ಯರ ಇತಿಹಾಸದ ಎಲುಬುಗೂಡನ್ನು ಮೊದಲು ನಿಲ್ಲಿಸಿದ್ದು ಅವನ ಆ ಸಂಗ್ರಹದಿಂದಲೇ. ಹಗಲೆಲ್ಲ ಶಾಸನ, ನಡುವೆ ಬೇಟೆ. ಪ್ರಾಣಿಪಕ್ಷಿಗಳ ಟಿಪ್ಪಣಿಗಳನ್ನೂ ದೇಶೀಯ ಹೆಸರುಗಳನ್ನೂ ಬರೆದಿಟ್ಟುಕೊಂಡಿದ್ದನು. ಹಕ್ಕಿಗಳ ಟಿಪ್ಪಣಿಯನ್ನು ಜರ್ಡನ್ನನಿಗೆ ಧಾರಾಳವಾಗಿ ಕೊಟ್ಟನು. ಜರ್ಡನ್ನನ ಪುಸ್ತಕದ ಕನ್ನಡ ಹೆಸರುಗಳಲ್ಲಿ ಬಹುಪಾಲು ಎಲಿಯಟ್ಟನ ಮೂಲಕ ನಮ್ಮ ಸೀಮೆಯಿಂದಲೇ ಹೋದವು ಎಂದು ನನ್ನ ಊಹೆ. ಊಹೆಗೆ ಕಾರಣ, ಆ ಶಬ್ದಗಳ ಉಚ್ಚಾರ.

ದಕ್ಷಿಣ ಮರಾಠಾ ಪ್ರಾಂತವೆಂದರೆ ಯಾವುದು? ಕೃಷ್ಣೆಗೂ ತುಂಗಭದ್ರೆಗೂ ನಡುವಿನ, ಮಾತು ಕನ್ನಡ ದಫ್ತರು ಮರಾಠಿಯಾಗಿದ್ದ ನೆಲ. ಪಟವರ್ಧನರ ಜಮಖಂಡಿ, ಘೋರ್ಪಡೆಯವರ ಮುಧೋಳ ಇವೆಲ್ಲ ಆ ಪ್ರಾಂತದ ಜಹಗೀರುಗಳು. ೧೯೪೮ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿ, ೧೯೫೬ರಲ್ಲಿ ಕನ್ನಡ ನಾಡಿಗೆ ಬಂದು, ೧೯೯೭ರಿಂದ ಬಾಗಲಕೋಟೆ ಜಿಲ್ಲೆಯಲ್ಲಿವೆ. ಎರೆಮಣ್ಣಿನ ಸೀಮೆ ಇದು. ಮಳೆ ಕಡಿಮೆ, ಬಿಳಿಜೋಳ ಹೆಚ್ಚು. ಈಗ ಕಬ್ಬಿನ ಹಸಿರನ್ನು ಮಾತ್ರ ನೋಡಿದವರಿಗೆ, ಹೊಲ ಮುಗಿದಲ್ಲಿ ಹುಲ್ಲು, ಹುಲ್ಲು ಮುಗಿದಲ್ಲಿ ಹೊಲ, ನಡುವೆ ಮರವೇ ಇಲ್ಲದಂತಿದ್ದ ಆ ಹಿಂದಿನ ಬಯಲನ್ನು ಕಣ್ಣ ಮುಂದೆ ತಂದುಕೊಳ್ಳುವುದು ಕಷ್ಟ. ಹೆಬ್ಬಕಗಳಿಗೆ ಬೇಕಾದದ್ದು ಅಂಥ ಬಯಲು.

ಈಗ ‘ಕನ್ನೌಲ್’ ಎಂಬ ಶಬ್ದ. ಇದರ ಉತ್ತರಾರ್ಧ ಸುಲಭ. ನವಿಲನ್ನು ನಮ್ಮ ಕಡೆ ‘ನವಲ’ ಎನ್ನುತ್ತಾರೆ. ನವಲಗುಂದ ಎಂಬ ಊರ ಹೆಸರಿನಲ್ಲಿರುವುದೂ ಅದೇ. ಬೇಗ ನುಡಿದರೆ ಇಂಗ್ಲಿಷನ ಕಿವಿಗೆ ‘ನೌಲ್’ ಎಂದು ಕೇಳಿಸುವುದು ಸಹಜ. ತೊಡಕಿರುವುದು ಮೊದಲ ಅಕ್ಷರದಲ್ಲಿ. ‘ಕಾನ ನವಿಲು’ ಇರಬಹುದೆ? ಕಾನು ಎಂಬುದು ಮಲೆನಾಡಿನವರ ಮಾತು, ಅದರ ಅರ್ಥ ದಟ್ಟ ಕಾಡು. ಈ ಹಕ್ಕಿ ಕಾಡಿಗೆ ಕಾಲಿಡುವುದಿಲ್ಲ. ‘ಕಣ್ ನವಿಲು’ ಇರಬಹುದೆ? ನವಿಲಿಗೆ ಗರಿಯಲ್ಲಿ ಕಣ್ಣು. ಇದಕ್ಕೆ ಅಂಥ ಗರಿಯೇ ಇಲ್ಲ. ಮೂರನೆಯ ದಾರಿಯೊಂದಿದೆ. ಹಳಗನ್ನಡದಲ್ಲಿ ಕರಿದು ಎಂಬ ಗುಣವಾಚಕ ಸಮಾಸದಲ್ಲಿ ‘ಕರ್’ ಎಂದು ಕುಗ್ಗುತ್ತದೆ; ಮುಂದೆ ನಕಾರ ಬಂದರೆ ಆ ರೇಫೆಯೂ ನಕಾರವಾಗುತ್ತದೆ. ಕರಿದು ಎಂಬುದೂ ನೆಯ್ದಿಲ್ ಎಂಬುದೂ ಸೇರಿ ಕನ್ನೆಯ್ದಿಲ್ ಆದದ್ದು ಹೀಗೆ. ನಾವು ಈಗ ಕನ್ನೈದಿಲೆ ಎನ್ನುತ್ತೇವೆ. ಕರ್ ಮತ್ತು ನಾಡು ಸೇರಿ ‘ಕನ್ನಡ’ವಾಯಿತು, ಕರಿಯ ಮಣ್ಣಿನ ನಾಡು ಎಂಬುದೇ ಅದರ ಅರ್ಥ, ಎಂದು ವಾದಿಸುವವರೂ ಇದೇ ಸಂಧಿಯನ್ನು ಆಧಾರವಾಗಿ ಹಿಡಿಯುತ್ತಾರೆ. ಅದೇ ದಾರಿಯಲ್ಲಿ ನಡೆದರೆ ಕರಿದು ನವಿಲ್ ಎಂಬುದು ‘ಕನ್ನವಿಲ್’ ಆಗಬೇಕು. ಕರಿಯ ನವಿಲು. ಮಳೆಗಾಲದ ಗಂಡು ಹಕ್ಕಿಯ ಬಣ್ಣವೂ ಕರಿದೇ.

ಇದು ನನ್ನ ಮಟ್ಟಿಗೆ ಒಪ್ಪಿತವಾದ ವ್ಯುತ್ಪತ್ತಿ. ಬೇರೆ ಬಲ್ಲವರು ಖಂಡಿಸಿದರೆ ಕೇಳಲು ಸಿದ್ಧನಿದ್ದೇನೆ.

ಒಪ್ಪಿದರೆ ಇನ್ನೊಂದು ಮಾತು ಹೊಳೆಯುತ್ತದೆ. ಕನ್ನಡಿಗರು, ಮರಾಠರು, ತೆಲುಗರು, ಗುಜರಾತಿನವರು (ಅವರ ಹೆಸರು ‘ಖಡಮೋರ’, ಅದೂ ಹುಲ್ಲುನವಿಲೇ) ಎಲ್ಲರೂ ಈ ಹಕ್ಕಿಯನ್ನು ನವಿಲಿನ ಕುಲಕ್ಕೆ ಸೇರಿಸಿದರು. ಅದೂ ಒಂದು ವರ್ಗೀಕರಣವೇ ಅಲ್ಲವೆ? ಶಾಸ್ತ್ರದ ಪ್ರಕಾರ ಅದು ತಪ್ಪು. ನವಿಲು ಕೋಳಿಗಳ ವರ್ಗದ್ದು. ಹೆಬ್ಬಕಗಳನ್ನು ಮೊದಲು ಕೊಕ್ಕರೆ ಕ್ರೌಂಚಗಳ ನೆರೆಗಿಟ್ಟು ಈಗ ಅವಕ್ಕೇ ಒಂದು ಪ್ರತ್ಯೇಕ ವರ್ಗ ಮಾಡಿದ್ದಾರೆ. ಕೊಕ್ಕು, ಎಲುಬು, ಕಾಲ್ಬೆರಳು ನೋಡಿ ವಿಂಗಡಿಸಿದವರು ಅವರು. (ಹೆಬ್ಬಕಗಳಿಗೆ ಹಿಂಬೆರ‍ಳಿಲ್ಲ, ಮೂರೇ ಬೆರಳು.) ನಮ್ಮವರು ನೋಡಿದ್ದು ನಡತೆಯನ್ನು. ಮಳೆ ಬಿದ್ದಾಗ ಕುಣಿಯುವುದು, ಹೆಣ್ಣಿನ ಮುಂದೆ ಗಂಡು ಶೃಂಗಾರವಾಗುವುದು, ನೆಲದಲ್ಲಿ ಮೇಯುವುದು. ಹಾಗೆಂದು ನಮ್ಮ ಹೆಸರನ್ನು ಹೊಗಳಿ ಅವರ ಹೆಸರನ್ನು ಹಳಿಯುವವನು ನಾನಲ್ಲ. ಕನ್ನವಿಲು ಎಂಬ ಹೆಸರಿನಲ್ಲಿಯೂ ಒಂದು ಕುರುಡಿದೆ. ಅದು ಮಳೆಗಾಲದ ಗಂಡನ್ನು ಮಾತ್ರ ಕಂಡಿತು. ಉಳಿದ ಎಂಟು ತಿಂಗಳು, ಮತ್ತು ಹೆಣ್ಣು ವರ್ಷವಿಡೀ, ಆ ಹೆಸರಿನ ಹೊರಗೇ ಉಳಿದವು. ಸೈಕ್ಸನು ಒಂದನ್ನು ಎರಡು ಮಾಡಿದರೆ, ನಾವು ಎರಡರಲ್ಲಿ ಒಂದಕ್ಕಷ್ಟೇ ಹೆಸರಿಟ್ಟೆವು.

ಇದರ ದಾಯಾದಿಯಾದ ದೊಡ್ಡ ಹೆಬ್ಬಕದ ಕಥೆ ಹೇಳದಿದ್ದರೆ ಮಾತು ಅರ್ಧವಾಗುತ್ತದೆ. ನಿಂತರೆ ಒಂದು ಮೀಟರ್ ಎತ್ತರ, ಗಂಡಾದರೆ ಹತ್ತು ಹನ್ನೆರಡು ಕಿಲೋಗ್ರಾಮಿಗೂ ಮೀರಿದ ತೂಕ. ಹಾರಬಲ್ಲ ಹಕ್ಕಿಗಳಲ್ಲಿ ಬಹಳ ಭಾರವಾದವುಗಳಲ್ಲೊಂದು. ಕನ್ನಡದಲ್ಲಿ ಇದಕ್ಕೆ ‘ಎರೆಭೂತ’, ‘ಎರ‍್ಲಡ್ಡು’ ಎಂಬ ಹೆಸರುಗಳು. ಎರಡರಲ್ಲೂ ಇರುವುದು ಎರೆ, ಎಂದರೆ ಕರಿಯ ಮಣ್ಣು. ಹಕ್ಕಿ ಯಾವ ಮಣ್ಣಿನದು ಎಂಬುದನ್ನು ಹೆಸರೇ ಹೇಳಿಬಿಡುತ್ತದೆ. ಇದಕ್ಕೆ ಪ್ರತಿಯಾಗಿ ಶಾಸ್ತ್ರ ಏನು ಮಾಡಿತು ನೋಡಿ. ಪ್ರಾಣಿಶಾಸ್ತ್ರ ಸಂಘದ ಕಾರ್ಯದರ್ಶಿಯಾಗಿದ್ದ ವಿಗರ್ಸನು ೧೮೩೧ರಲ್ಲಿ ಇದನ್ನು ‘ಓಟಿಸ್ ನೈಗ್ರಿಸೆಪ್ಸ್’, ಕರಿತಲೆಯ ಹೆಬ್ಬಕ, ಎಂದು ವರ್ಣಿಸಿದನು. ಜಾನ್ ಗೌಲ್ಡನು ಹೊರತಂದ ಸುಂದರವಾದ ಚಿತ್ರಸಂಪುಟದಲ್ಲಿ ಇದರ ಚಿತ್ರವೂ ಬಂತು. ಆ ಸಂಪುಟದ ಹೆಸರು ‘ಹಿಮಾಲಯ ಪರ್ವತದ ನೂರು ಹಕ್ಕಿಗಳು’ ಎಂಬರ್ಥದ್ದು! ಎರೆಯ ಬಯಲು ಬಿಟ್ಟು ಮೇಲೇರದ ಹಕ್ಕಿ ಹಿಮಾಲಯಕ್ಕೆ ಹೋಗಿ ಕುಳಿತಿತು. ಅದರ ಮೂಲಸ್ಥಾನ ಮರಾಠಾ ಸೀಮೆ ಎಂದು ಆಮೇಲೆ ತಿದ್ದಬೇಕಾಯಿತು.

ಕುಲದ ಕಥೆ ಇನ್ನೂ ಗೋಜಿನದು. ಓಟಿಸ್ಸಿನಿಂದ ಹೊರಟ ಎರೆಭೂತ ಜರ್ಡನ್ನನ ಕಾಲಕ್ಕೆ ಯೂಪೊಡೋಟಿಸ್ ಆಗಿ, ಆಫ್ರಿಕದವರ ಮನೆಯಲ್ಲಿ ಇಳಿದಿತ್ತು. ಪ್ರಭೇದದ ಹೆಸರನ್ನೂ ಅವನು ‘ಎಡ್ವರ್ಡ್ಸೀ’ ಎಂದೇ ಬರೆಯುತ್ತಾನೆ. ಇಪ್ಪತ್ತನೆಯ ಶತಮಾನದಲ್ಲಿ ಸಲೀಂ ಅಲಿಯವರ ಪುಸ್ತಕ ಓದಿದವರು ಕೋರಿಯೋಟಿಸ್ ಎಂದು ಕಲಿತರು. ಈಗ ಅದೂ ಹೋಗಿ ‘ಆರ್ಡಿಯೋಟಿಸ್’ ಆಗಿದೆ. ಅದು ೧೮೫೩ರಲ್ಲಿ ಲ ಮಾವು ಎಂಬ ಫ್ರೆಂಚನು ಇಟ್ಟ ಹೆಸರು. ಕೋರಿಯೋಟಿಸ್ಸಿಗಿಂತ ಹಳೆಯದಾದ್ದರಿಂದ ಗೆದ್ದಿತು. ಆರ್ಡಿಯ ಎಂದರೆ ಲ್ಯಾಟಿನ್ನಿನಲ್ಲಿ ಬಕ. ಬಕದಂಥ ಓಟಿಸ್ ಎಂದು ಅದರ ಅರ್ಥ. ನಮ್ಮ ಪುಸ್ತಕಗಳಲ್ಲಿ ಈಗ ರೂಢಿಯಾಗಿರುವ ‘ಹೆಬ್ಬಕ’ ಎಂಬ ಶಬ್ದವನ್ನು ಬಿಡಿಸಿದರೆ ಹಿರಿದಾದ ಬಕ ಎಂದೇ ಆಗುತ್ತದೆ. ಒಬ್ಬರ ಹೆಸರನ್ನು ನೋಡಿ ಇನ್ನೊಬ್ಬರು ಇಟ್ಟರೆಂದು ನಾನು ಹೇಳುವುದಿಲ್ಲ. ಉದ್ದ ಕಾಲು ಉದ್ದ ಕೊರಳು ಕಂಡರೆ ಯಾರಿಗಾದರೂ ಬಕದ ನೆನಪಾಗುತ್ತದೆ. ಆದರೂ ಪ್ಯಾರಿಸ್ಸಿನ ಪಂಡಿತನೂ ಕನ್ನಡ ಮಾತೂ ಒಂದೇ ಕಡೆ ಬಂದು ನಿಂತದ್ದು ನೋಡಿ ನನಗೆ ಸಂತೋಷವಾಯಿತು.

‘ಭೂತ’ ಏಕೆ ಎಂಬುದಕ್ಕೆ ಪುಸ್ತಕದಲ್ಲಿ ಉತ್ತರ ಸಿಗಲಿಲ್ಲ. ಬೀಳಗಿಗೂ ಮುಧೋಳಕ್ಕೂ ನಡುವಿನ ಯಡಹಳ್ಳಿ ಕಡೆಗೆ ಹೋದಾಗ ಕುರಿ ಬಿಟ್ಟುಕೊಂಡು ಕುಳಿತಿದ್ದ ಒಬ್ಬ ಮುದುಕರನ್ನು ಕೇಳಿದೆ.

“ಅದು ಭೂತ ಅಲ್ಲರೀ ಸರ, ಹಕ್ಕಿ,” ಎಂದರು. “ನಮ್ಮಪ್ಪ ನೋಡಿದ್ನಂತ. ಹೊತ್ತ ಮುಳುಗೂ ಮುಂದ ಎರಿ ಹೊಲದಾಗ ಮನಷ್ಯಾ ನಿಂತಂಗ ನಿಂತಿರತಿತ್ತಂತ. ಯಾರೂ ಅಂತ ಒದರಕೋತ ಹತ್ರ ಹೋದ್ರ, ಇರತಿರಲಿಲ್ಲಂತ.”

“ನೀವು ನೋಡೀರೇನು ಅಜ್ಜಾರ?”

“ನಾ ಎಲ್ಲಿ ನೋಡ್ಲಿರೀ! ನಾ ತಿಳವಳಿಕಿ ಬರೂದ್ರಾಗ ಭೂತಾನೂ ಹೋದೂ, ಹಕ್ಕೀನೂ ಹೋದೂ.”

ಕನ್ನವಲ ಎಂಬ ಹೆಸರು ಕೇಳಿದ್ದೀರಾ ಎಂದೆ. “ನವಲ ಅಂದ್ರ ನವಲರೀ. ಕನ್ನವಲ ಅಂದ್ರ ಯಾವ್ದು?” ಎಂದು ನನ್ನನ್ನೇ ಕೇಳಿದರು.

ಹೋದದ್ದು ಹೇಗೆಂಬುದಕ್ಕೆ ಸಂಶೋಧನೆ ಬೇಕಾಗಿಲ್ಲ. ಅಹಮದನಗರ ಜಿಲ್ಲೆಯೊಂದರಲ್ಲೇ ಮ್ಯಾನ್ಸ್‌ಫೀಲ್ಡ್ ಎಂಬ ಒಬ್ಬನೇ ಬೇಟೆಗಾರನು ೧೮೦೯ರಿಂದ ೧೮೨೯ರ ವರೆಗೆ ೯೬೧ ಎರೆಭೂತಗಳನ್ನು ಹೊಡೆದನೆಂದು ಲೆಕ್ಕವಿದೆ. ಒಂದು ಋತುವಿಗೆ ಸಾಮಾನ್ಯವಾಗಿ ಒಂದೇ ಮೊಟ್ಟೆಯನ್ನು ಬರಿ ನೆಲದ ಮೇಲಿಡುವ ಹಕ್ಕಿ ಅದು. ಬಂದೂಕಿನ ಮೇಲೆ ನೇಗಿಲು ಬಂತು, ನೇಗಿಲಿನ ಮೇಲೆ ಕಾಲುವೆ ಬಂತು. ಘಟಪ್ರಭೆ ಕೃಷ್ಣೆಯರ ನೀರು ಹರಿದು ಮುಧೋಳ ಜಮಖಂಡಿಗಳ ಎರೆ ಕಬ್ಬಿನ ತೋಟವಾಯಿತು. ರಬಕವಿ ಬನಹಟ್ಟಿಯ ಮಗ್ಗದವರೂ ಇಂದು ಕಬ್ಬಿನ ದರದ ಮಾತಾಡುತ್ತಾರೆ. ಇದನ್ನು ದೂರುವಂತಿಲ್ಲ, ಬರಗಾಲದ ಕಥೆಗಳನ್ನು ಕೇಳಿ ಬೆಳೆದವರು ನಾವು. ಬಯಲನ್ನು ‘ಬೀಳು’ ಎಂದು ಕಂದಾಯ ದಫ್ತರದಲ್ಲಿ ಬರೆದದ್ದು ಮಾತ್ರ ತಪ್ಪಾಯಿತೆಂದು ನನಗೆ ತೋರುತ್ತದೆ. ಹೆಸರಿಡುವುದರಲ್ಲಿ ಆಗುವ ತಪ್ಪು ಪಟ್ಟಿಯಲ್ಲಿಯೇ ನಿಲ್ಲುವುದಿಲ್ಲ. ಫುಲ್ವಾ ಎಂಬುದನ್ನು ಹೊಡೆದು ಹಾಕಿದರೆ ಹಕ್ಕಿಗೆ ನಷ್ಟವಿರಲಿಲ್ಲ. ಬೀಳು ಎಂದು ಬರೆದ ಹುಲ್ಲುಗಾವಲಿಗೆ ಬೆಲೆಯಿಲ್ಲದೆ ಹೋಯಿತು.

ಇಡೀ ಲೋಕದಲ್ಲಿ ಎರೆಭೂತಗಳು ಈಗ ಉಳಿದಿರುವುದು ನೂರೈವತ್ತರ ಒಳಗೆ ಎಂದು ಅಂದಾಜು. ಬಹುಪಾಲು ರಾಜಸ್ಥಾನದ ಜೈಸಲ್ಮೇರ್ ಕಡೆ. ೨೦೧೯ರಿಂದ ಅಲ್ಲಿ ಮೊಟ್ಟೆ ತಂದು ಮರಿ ಮಾಡಿಸಿ ಸಾಕುವ ಪ್ರಯತ್ನ ನಡೆದಿದೆ. ನಮಗೆ ಹತ್ತಿರದ ಸೊಲ್ಲಾಪುರದ ನಾನಜದಲ್ಲಿ ೧೯೭೯ರಲ್ಲಿಯೇ ಧಾಮ ಮಾಡಿದರು. ಕರ್ನಾಟಕದಲ್ಲಿ ರಾಣೆಬೆನ್ನೂರಿನ ಬಯಲಿನಲ್ಲಿದ್ದವು ಇಲ್ಲವಾಗಿ, ಈ ಶತಮಾನದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಕಂಡಿವೆ. ರಾಷ್ಟ್ರಪಕ್ಷಿಯನ್ನು ಆರಿಸುವಾಗ ಸಲೀಂ ಅಲಿಯವರು ಇದರ ಹೆಸರನ್ನೇ ಸೂಚಿಸಿದ್ದರು. ಇಂಗ್ಲಿಷಿನ ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ಬೈಗುಳವಾಗುತ್ತದೆಂದು ಹೆದರಿ ಬಿಟ್ಟರಂತೆ, ಎಂಬ ಮಾತೂ ಇದೆ. ೧೯೬೩ರಲ್ಲಿ ಪಟ್ಟ ನವಿಲಿಗೆ ಹೋಯಿತು. ಎರೆಭೂತ ಎಂದು ಕನ್ನಡದಲ್ಲಿ ಹೇಳಿದ್ದರೆ ಆ ತೊಂದರೆ ಬರುತ್ತಿರಲಿಲ್ಲ. ಕನ್ನವಿಲಿನ ಗತಿಯೂ ಒಳ್ಳೆಯದೇನಲ್ಲ. ಕೆಲವು ನೂರು ಮಾತ್ರ ಉಳಿದು, ಗುಜರಾತ ರಾಜಸ್ಥಾನಗಳ ಹುಲ್ಲುಗಳಲ್ಲಿ ಮಳೆಗಾಲ ಕಳೆದು, ಚಳಿಗಾಲಕ್ಕೆ ದಖ್ಖಣದ ಕಡೆ ಚದುರಿಹೋಗುತ್ತವೆ. ೨೦೨೧ರಿಂದ ಅದನ್ನೂ ತೀವ್ರ ಅಪಾಯದಲ್ಲಿರುವವುಗಳ ಪಟ್ಟಿಗೆ ಸೇರಿಸಿದ್ದಾರೆ. ಪ್ರಭೇದವೊಂದೇ ಅಲ್ಲ, ಲೆಸ್ಸನ್ನನು ಕಟ್ಟಿದ ಕುಲವೇ ಅದರ ಬೆನ್ನ ಮೇಲಿದೆ.

ಮುದುಕರು ಕುರಿ ಮೇಯಿಸುತ್ತಿದ್ದ ಆ ಯಡಹಳ್ಳಿಯ ಗುಡ್ಡಗಾಡು ೨೦೧೬ರಲ್ಲಿ ಚಿಂಕಾರ ಧಾಮವಾಗಿದೆ. ಸುಮಾರು ೯೬ ಚದರ ಕಿಲೋಮೀಟರು. ಆ ಚಿಂಕಾರಕ್ಕೆ ‘ಬೆನೆಟ್ಟೀ’ ಎಂಬ ಶಾಸ್ತ್ರೀಯ ನಾಮವನ್ನು ೧೮೩೧ರಲ್ಲಿ ಇಟ್ಟವನು ಯಾರೆಂದು ನೋಡಿದರೆ, ಮತ್ತೆ ನಮ್ಮ ಸೈಕ್ಸನೇ. ಒಂದು ಹಕ್ಕಿಯನ್ನು ಎರಡು ಮಾಡಿದವನು ಹೆಸರಿಟ್ಟ ಒಂದು ಜಿಂಕೆ ಬೀಳಗಿಯ ಕಲ್ಲುಗುಡ್ಡಗಳಲ್ಲಿ ಇನ್ನೂ ಓಡಾಡುತ್ತಿದೆ.

ಈ ವರ್ಷ ಸಂಧಿಪ್ರಕರಣದ ಪಾಠದಲ್ಲಿ ಕನ್ನೈದಿಲೆಯ ಪಕ್ಕದಲ್ಲಿ ಕನ್ನವಿಲು ಎಂಬುದನ್ನೂ ಹಲಗೆಯ ಮೇಲೆ ಬರೆದು, ಹಕ್ಕಿಯ ವಿಷಯ ನಾಲ್ಕು ಮಾತು ಹೇಳಿದೆ. ಪರೀಕ್ಷೆಯಲ್ಲಿ ಬೀಳಗಿ ಕಡೆಯ ಹುಡುಗನೊಬ್ಬನು ಪದ ಬಿಡಿಸಿ, ಅರ್ಥದ ಜಾಗದಲ್ಲಿ ‘ಒಂದು ಬಗೆಯ ನವಿಲು’ ಎಂದು ಬರೆದಿದ್ದನು. ತಿದ್ದಲು ಪೆನ್ನು ಎತ್ತಿದವನು ಸ್ವಲ್ಪ ಹೊತ್ತು ಹಾಗೇ ಕುಳಿತೆ. ಕೊನೆಗೆ ಅಂಚಿನಲ್ಲಿ ‘ನವಿಲಲ್ಲ, ಹೆಬ್ಬಕ, ಮಳೆಗಾಲದಲ್ಲಿ ಕಪ್ಪಾಗುವುದು’ ಎಂದು ಬರೆದು, ಅಂಕವನ್ನು ಪೂರ್ತಿ ಕೊಟ್ಟೆ.